ವಂದಾಕ: ಒಣಸೀಮೆಯ ಸೀತಾಳೆ

ವಂದಾಕವು ಆರ್ಕಿಡ್ ಕುಟುಂಬಕ್ಕೆ ಸೇರಿದ, ಮರಗಳ ಮೇಲೆ ಸಾಮಾನ್ಯವಾಗಿಯೂ ಬಂಡೆಗಳ ಮೇಲೆ ವಿರಳವಾಗಿಯೂ ನೆಲೆಗೊಳ್ಳುವ, ಬಹುವಾರ್ಷಿಕವಾದ ಒಂದು ಸಣ್ಣ ಸಸ್ಯ. ಸಸ್ಯಶಾಸ್ತ್ರಜ್ಞರು ಇದಕ್ಕೆ ಇತ್ತಿರುವ ಹೆಸರು ವಾಂಡ ಟೆಸೆಲೇಟ. ವಾಂಡ ರಾಕ್ಸ್‌ಬರ್ಘಿ ಎಂಬ ಪರ್ಯಾಯನಾಮವು ಹಳೆಯ ಔಷಧಗ್ರಂಥಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ಇದರ ಸಹಜ ನೆಲೆಗಳು. ಕನ್ನಡನಾಡಿನಲ್ಲಿ ಆರ್ಕಿಡ್‌ಗಳಿಗೆ ಸಾಮಾನ್ಯವಾಗಿ ಸೀತಾಳೆ ಎಂಬ ಹೆಸರುಂಟು. ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಮಲೆನಾಡಿನ ಕಡೆಗೆ, ಹಾವಸೆ ಕವಿದ ಮರಗಳ ಕಡೆಗೆ, ಆಷಾಢದ ಜಿನುಗುಮಳೆಯ ಕಡೆಗೆ ಹರಿಯುವುದು ಸ್ವಾಭಾವಿಕ. ಆದರೆ ವಂದಾಕವು ಆ ತಂಪಿನ ಲೋಕದ ಪ್ರಜೆಯಲ್ಲ. ದಖನ್ನಿನ ಬಯಲಿನಲ್ಲಿ, ಎಲೆ ಉದುರುವ ಕುರುಚಲು ಕಾಡಿನಲ್ಲಿ, ಹೊಲದ ಬದುವಿನ ಹಳೆಯ ಮಾವಿನ ಮರದ ಮೇಲೆ, ವರ್ಷದಲ್ಲಿ ಏಳೆಂಟು ತಿಂಗಳು ಮಳೆ ತೀರ ವಿರಳವಾಗಿರುವ ಸೀಮೆಯಲ್ಲಿ ಜೀವ ಹಿಡಿದುಕೊಂಡಿರುವ ಸಾಮರ್ಥ್ಯವುಳ್ಳ ಕೆಲವೇ ಆರ್ಕಿಡ್‌ಗಳಲ್ಲಿ ಇದು ಪ್ರಮುಖವಾದುದು. ಆದುದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಬಿಸಿಲುಸೀಮೆಯ ಓದುಗನು ಆರ್ಕಿಡ್ ಎಂಬ ಸಸ್ಯವರ್ಗವನ್ನು ಅರಿಯಬಯಸಿದರೆ, ಆಗುಂಬೆಯ ಕಾಡಿನಿಂದ ತೊಡಗುವುದಕ್ಕಿಂತ ಈ ಸಸ್ಯದಿಂದ ತೊಡಗುವುದೇ ಯುಕ್ತ.

ಕೃಷ್ಣಾ ತುಂಗಭದ್ರೆಗಳ ನಡುವಣ ದೋ‌ಆಬ್ ಪ್ರದೇಶದಲ್ಲಿರುವ ಈ ಮೂರು ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದವು. ಉತ್ತರದಲ್ಲಿ ಲಿಂಗಸುಗೂರು ತಾಲ್ಲೂಕು ಕೃಷ್ಣೆಯ ದಡದವರೆಗೆ, ನದಿಯ ನಡುಗಡ್ಡೆಯಲ್ಲಿ ನಿಂತ ಜಲದುರ್ಗದವರೆಗೆ ಚಾಚಿಕೊಂಡಿದೆ. ದಕ್ಷಿಣದಲ್ಲಿ ಸಿಂಧನೂರು ತುಂಗಭದ್ರೆಯ ಕಡೆಗೆ ಇಳಿಯುತ್ತದೆ. ಇವೆರಡರ ನಡುವೆ ಮಸ್ಕಿಯ ಬಂಡೆಬೆಟ್ಟಗಳಿವೆ. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ ಪ್ರಾಚೀನ ಶಿಲಾಪಟ್ಟಿಯು ಚಿನ್ನದ ಅದುರಿನಿಂದ ಪ್ರಸಿದ್ಧವಾದುದು. ಚಿನ್ನದ ಗಣಿಯ ಇಂಜಿನಿಯರನಾಗಿದ್ದ ಬೀಡನ್ ಎಂಬಾತನೇ 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೊತ್ತ ಶಾಸನವನ್ನು ಬೆಳಕಿಗೆ ತಂದವನು. ಈ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅದರ ಬಹುಭಾಗವೂ ಜೂನ್ ತಿಂಗಳಿಂದ ಅಕ್ಟೋಬರ್ ತಿಂಗಳೊಳಗೆ ಸುರಿದುಹೋಗುತ್ತದೆ. ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಇಲ್ಲಿ ವಿಶೇಷವೇನಲ್ಲ. ಬೇವು, ಹುಣಿಸೆ, ಆಲ, ಅರಳಿ, ಮಾವು, ಕರಿಜಾಲಿ, ಹೊಂಗೆ ಇವು ಊರಿನ ಸುತ್ತಣ ಮರಗಳು. ತೂಬರೆ, ಮುತ್ತುಗ, ಕಕ್ಕೆ ಮೊದಲಾದವು ಬೆಟ್ಟಗುಡ್ಡಗಳಲ್ಲಿ ಅಳಿದುಳಿದಿರುವ ಕುರುಚಲು ಕಾಡಿನವು. ತುಂಗಭದ್ರಾ ಜಲಾಶಯವು 1953ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಎರೆಯ ನೆಲವು ಜೋಳ ಹತ್ತಿಗಳನ್ನು ಬಿಟ್ಟು ಭತ್ತದ ಗದ್ದೆಯಾಯಿತು. ನೆಲದ ಮೇಲೆ ನೀರು ನಿಂತಿತಾದರೂ ಮೇಲಿನ ಆಕಾಶ ಮಾತ್ರ ಹಿಂದಿನಂತೆಯೇ ಒಣಗಿ ಉಳಿಯಿತು. ಮಣ್ಣಿನಿಂದ ಒಂದು ಹನಿಯನ್ನೂ ಪಡೆಯದ ಮರದ ಮೇಲಣ ಸಸ್ಯಕ್ಕೆ ಕಾಲುವೆಯ ನೀರಿಗಿಂತ ಈ ಆಕಾಶವೇ ಮುಖ್ಯ ಎಂಬುದನ್ನು ನೆನೆದರೆ, ವಂದಾಕದ ಜೀವನಕ್ರಮ ಎಷ್ಟು ಕಠಿಣವಾದುದೆಂಬುದು ಅರ್ಥವಾದೀತು.

ಈ ಕಠಿಣತೆಗೆ ಸಸ್ಯವು ಕಂಡುಕೊಂಡಿರುವ ಮೊದಲನೆಯ ಉತ್ತರ ಅದರ ಬೇರು. ವಂದಾಕದ ಕಾಂಡವು ಸಾಮಾನ್ಯವಾಗಿ ಒಂದೆರಡು ಅಡಿ ಎತ್ತರಕ್ಕೆ ಬೆಳೆಯುವ, ಕವಲೊಡೆಯುವುದು ಅಪರೂಪವಾದ, ತುದಿಯಲ್ಲಿ ಸದಾ ಮುಂದುವರಿಯುತ್ತಲೇ ಇರುವ ಏಕಾಕ್ಷದ ಕಾಂಡ. ಅದರ ಕೆಳಭಾಗದಿಂದಲೂ ನಡುವಿನಿಂದಲೂ ಹೊರಡುವ ಬೇರುಗಳು ಪೆನ್ಸಿಲಿನಷ್ಟು ದಪ್ಪನಾಗಿ, ಬೂದುಬಿಳುಪಾಗಿ, ಕೆಲವು ತೊಗಟೆಯನ್ನು ಬಿಗಿಯಾಗಿ ತಬ್ಬಿಕೊಂಡು, ಕೆಲವು ಗಾಳಿಯಲ್ಲಿ ತೂಗಿಕೊಂಡು ಇರುತ್ತವೆ. ಈ ಬೂದುಬಿಳುಪು ಬೇರಿನ ಸಹಜ ಬಣ್ಣವಲ್ಲ. ಬೇರಿನ ಹೊರಗಡೆ ವೆಲಮೆನ್ ಎಂಬ ಹಲವು ಪದರಗಳ ಒಂದು ಕವಚವಿದೆ; ಅದರ ಜೀವಕೋಶಗಳು ಬೆಳೆದು ಮುಗಿದ ಮೇಲೆ ಸತ್ತು, ಒಳಗೆ ಬರಿದಾಗಿ, ಗಾಳಿ ತುಂಬಿಕೊಂಡು ನಿಂತಿರುವುದರಿಂದ ಬೇರು ಬಿಳುಪಾಗಿ ಕಾಣುತ್ತದೆ. ಒಣಗಿದ ಬೇರಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿದರೆ, ಕ್ಷಣಗಳೊಳಗೆ ಬಿಳುಪು ಅಳಿದು ಹಸುರು ಮೂಡುತ್ತದೆ: ಬರಿದಾಗಿದ್ದ ಕೋಶಗಳು ನೀರನ್ನು ಹೀರಿ ಪಾರದರ್ಶಕವಾಗಿ, ಒಳಗಿನ ಪತ್ರಹರಿತ್ತು ಹೊರಗೆ ತೋರುತ್ತದೆ. ಇನ್ನೂ ಹತ್ತಿರದಿಂದ ನೋಡುವವನಿಗೆ ಈ ಹಸುರಿನ ನಡುವೆ ನೀರಿಗೆ ಬಗ್ಗದೆ ಬಿಳುಪಾಗಿಯೇ ಉಳಿದ ಸಣ್ಣ ಸಣ್ಣ ಗೆರೆಗಳೂ ಕಾಣಿಸುತ್ತವೆ. ಬೇರು ಪೂರ್ತಿಯಾಗಿ ತೊಯ್ದಾಗಲೂ ಒಳಗಿನ ಜೀವಂತ ಕೋಶಗಳಿಗೆ ಉಸಿರು ಒದಗಿಸುವ ವಾಯುದ್ವಾರಗಳವು. ಮಳೆಯ ಮೊದಲ ನೀರು ಮರದ ಎಲೆ ತೊಗಟೆಗಳ ಮೇಲೆ ಕುಳಿತ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಪುಡಿಗಳನ್ನು ಕರಗಿಸಿಕೊಂಡು ಇಳಿಯುವಾಗ ಅದರಲ್ಲಿ ಲವಣಗಳು ಹೆಚ್ಚಾಗಿರುತ್ತವೆ. ಆ ಮೊದಲ ನೀರನ್ನೇ ವೆಲಮೆನ್ ಹೀರಿ ಹಿಡಿದಿಡುತ್ತದೆ. ಎರೆಯ ನೆಲದ ಗೊಬ್ಬರವನ್ನು ಕಾಣದ ಈ ಗಿಡಕ್ಕೆ ಅದೇ ಗೊಬ್ಬರ.

ಎರಡನೆಯ ಉತ್ತರ ಎಲೆಯಲ್ಲಿದೆ. ಎಲೆಗಳು ಪಟ್ಟಿಯಂತೆ ಕಿರಿದಾಗಿ, ದಪ್ಪನಾಗಿ, ಚಕ್ಕಳದಂತೆ ಗಡುಸಾಗಿ, ನಡುವೆ ಕಾಲುವೆಯಂತೆ ಮಡಿಚಿಕೊಂಡು, ಕಾಂಡದ ಎರಡು ಪಕ್ಕಗಳಲ್ಲಿ ಒಂದರ ಮೇಲೊಂದು ಬುಡ ಮುಚ್ಚಿಕೊಂಡು ಹೊರಗೆ ಬಾಗಿರುತ್ತವೆ. ತುದಿಯು ಚೂಪಾಗಿ ಕೊನೆಗೊಳ್ಳದೆ, ಯಾವುದೋ ಹುಳು ಕಚ್ಚಿ ಬಿಟ್ಟಂತೆ ಸಮವಲ್ಲದ ಎರಡು ಮೂರು ಹಲ್ಲುಗಳಾಗಿ ಸೀಳಿರುವುದು ಇದನ್ನು ಹೂವಿಲ್ಲದ ಕಾಲದಲ್ಲಿ ಗುರುತಿಸುವುದಕ್ಕೆ ಒಳ್ಳೆಯ ಲಕ್ಷಣ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲಾಮ್ಲವನ್ನು ಒಳಗೆ ಕೊಳ್ಳುತ್ತವೆ. ಆಗ ಎಲೆಯ ತೇವವೂ ಹೊರಗೆ ಹೋಗುತ್ತದೆ. ವಂದಾಕವೂ ಅದರ ದಪ್ಪ ಎಲೆಯ ಬಂಧುಗಳೂ ಈ ಕ್ರಮವನ್ನು ತಿರುಗಿಸಿವೆ: ಬಿಸಿಲಿನಲ್ಲಿ ರಂಧ್ರಗಳನ್ನು ಮುಚ್ಚಿ, ಇರುಳು ತಂಪಾದ ಮೇಲೆ ತೆರೆದು, ಒಳಗೆ ಬಂದ ಇಂಗಾಲಾಮ್ಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಬೆಳಗಿನವರೆಗೆ ಕೂಡಿಟ್ಟು, ಹಗಲಿನ ಬೆಳಕು ಬಂದಾಗ ಅದನ್ನು ಬಿಡಿಸಿ ಸಕ್ಕರೆ ಮಾಡಿಕೊಳ್ಳುತ್ತವೆ. ನಾಲಗೆಯ ರುಚಿಯಿಂದಲೇ ಈ ಆಮ್ಲಕ್ರಮದ ಕುರುಹನ್ನು ಹಿಡಿದು ಬರೆದಿಟ್ಟವನು ಬೆಂಜಮಿನ್ ಹೈನೆ. ಭಾರತದಲ್ಲಿದ್ದಾಗ ಅವನು ಕಾಡುಬಸಳೆಯ ಎಲೆಯನ್ನು ಅಗಿದು, ಅದು ಬೆಳಗ್ಗೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದನ್ನು ಕಂಡು ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ಈ ಹೈನೆಯು ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದವನು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ಇಂದು ಅನಾನಸು, ಪಾಪಾಸುಕಳ್ಳಿ, ಕತ್ತಾಳೆಗಳಿಂದ ಹಿಡಿದು ಆರ್ಕಿಡ್‌ಗಳವರೆಗೆ ಸಾವಿರಾರು ಸಸ್ಯಗಳಲ್ಲಿ ಈ ಕ್ರಮ ಇರುವುದು ತಿಳಿದಿದೆ.

ಹೂವಿನ ಕಾಲ ಬೇಸಿಗೆಯಿಂದ ಮಳೆಗಾಲದ ಆರಂಭದವರೆಗೆ. ಮರಗಳೇ ಎಲೆಯುದುರಿಸಿ ಬೋಳಾಗಿ ನಿಂತಿರುವಾಗ ಎಲೆಯ ಕಂಕುಳಿನಿಂದ ಹೊರಟ ನೇರವಾದ ಮಂಜರಿಯಲ್ಲಿ ಐದರಿಂದ ಹತ್ತು ಹನ್ನೆರಡರವರೆಗೆ ಹೂಗಳು ಅರಳುತ್ತವೆ. ಹೂವಿನ ಅಗಲ ನಾಲ್ಕೈದು ಸೆಂಟಿಮೀಟರ್. ಹೊರಗಿನ ಮೂರು ಪುಷ್ಪಪತ್ರಗಳೂ ಒಳಗಿನ ಎರಡು ದಳಗಳೂ ಹೆಚ್ಚು ಕಡಿಮೆ ಒಂದೇ ಆಕಾರದವು. ಬುಡದಲ್ಲಿ ಕಿರಿದಾಗಿ, ಮೇಲೆ ಅಗಲವಾಗಿ, ಅಂಚಿನಲ್ಲಿ ಅಲೆಯಲೆಯಾಗಿ ಇರುತ್ತವೆ. ಅವುಗಳ ಹಿಂಬದಿ ಬಿಳುಪು. ಮುಂಬದಿಯಲ್ಲಿ ಹಳದಿ ಬೆರೆತ ಹಸುರಿನ ಮೇಲೆ ಕಂದುಬಣ್ಣದ ಗೆರೆಗಳು ಅಡ್ಡಲಾಗಿಯೂ ಉದ್ದವಾಗಿಯೂ ಹಾದು ಚೌಕಟ್ಟುಗಳಾಗಿ ಹೆಣೆದುಕೊಂಡಿವೆ, ನಮ್ಮ ಇಳಕಲ್ಲಿನ ಮಗ್ಗದಿಂದ ಇಳಿದ ಚೌಕುಳಿಯ ನೆಯ್ಗೆಯಂತೆ. ಶಾಸ್ತ್ರನಾಮದ ಎರಡನೆಯ ಪದವೂ ಈ ಚೌಕುಳಿಯನ್ನೇ ಹೇಳುತ್ತದೆ. ಇವೆಲ್ಲದರ ಮುಂದೆ ಚಾಚಿದ ಆರನೆಯ ಎಸಳು, ಎಂದರೆ ತುಟಿದಳ, ಪೂರ್ತಿಯಾಗಿ ಬೇರೆಯಾದುದು: ಮೂರು ಹಾಲೆಗಳಾಗಿ ಸೀಳಿ, ನಡುವಿನ ಹಾಲೆ ಪಿಟೀಲಿನ ಆಕಾರದಲ್ಲಿ ನಡುವೆ ಸೊರಗಿ, ನೇರಳೆಯಿಂದ ನೀಲಿಯವರೆಗಿನ ಬಣ್ಣದಿಂದ ಕೂಡಿ, ಹಿಂದುಗಡೆ ಚಿಕ್ಕದೊಂದು ಕೊಂಬಿನ ಚೀಲದಲ್ಲಿ ಮುಗಿಯುತ್ತದೆ. ಗಿಡಗಿಡಕ್ಕೂ ಬಣ್ಣದ ಛಾಯೆ ಬದಲಾಗುತ್ತದೆ. ಹಳದಿಯೇ ಪ್ರಧಾನವಾದವೂ ಕಂದು ದಟ್ಟವಾಗಿ ಕವಿದವೂ ಒಂದೇ ಕಾಡಿನಲ್ಲಿ ಇರುವುದುಂಟು. ಹೂವಿಗೆ ಮೃದುವಾದ ಸುವಾಸನೆಯಿದೆ. ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು: ಮೊಗ್ಗಿನಲ್ಲಿ ಈ ತುಟಿದಳವು ಮೇಲ್ಗಡೆ ಇರುತ್ತದೆ, ಅರಳುವ ಮುನ್ನ ಹೂವಿನ ತೊಟ್ಟೇ ಅರ್ಧ ಸುತ್ತು ತಿರುಚಿಕೊಂಡು ಅದನ್ನು ಕೆಳಗೆ ತರುತ್ತದೆ. ಬರುವ ಕೀಟಕ್ಕೆ ಇಳಿದು ಕೂರಲು ಜಗಲಿಯೊಂದು ಸಿದ್ಧವಾಗುವುದು ಹೀಗೆ.

ಗಂಡುಹೆಣ್ಣಿನ ಅಂಗಗಳೆರಡೂ ಒಂದೇ ಸ್ತಂಭದಲ್ಲಿ ಬೆಸೆದುಕೊಂಡಿರುವುದು ಆರ್ಕಿಡ್ ಕುಟುಂಬದ ಕುಲಲಕ್ಷಣ. ಇತರ ಹೂಗಳಲ್ಲಿ ಧೂಳಿಯಾಗಿ ಉದುರುವ ಪರಾಗ ಇಲ್ಲಿ ಮೇಣದಂತೆ ಗಟ್ಟಿಯಾದ ಎರಡು ಪಿಂಡಗಳಾಗಿ, ಒಂದು ತೊಟ್ಟಿಗೆ ಕೂಡಿ, ಅಂಟುಬಿಲ್ಲೆಯೊಂದರ ಮೇಲೆ ನಿಂತಿರುತ್ತದೆ. ತುಟಿದಳದ ಮೇಲೆ ಇಳಿದು ಕೊಂಬಿನ ಬಾಯಿಗೆ ತಲೆ ಹಾಕಿದ ಕೀಟವು ಹಿಂದೆ ಸರಿಯುವಾಗ ಈ ಬಿಲ್ಲೆ ಅದರ ಮೈಗೆ ಅಂಟಿ, ಪಿಂಡಗಳೆರಡೂ ಒಟ್ಟಿಗೇ ಕಿತ್ತು ಬರುತ್ತವೆ. ಕೀಟವು ಮತ್ತೊಂದು ಹೂವಿಗೆ ಹೋಗಿ ಅದೇ ಪ್ರಯತ್ನ ಮಾಡಿದಲ್ಲಿ ಪಿಂಡವು ಅಲ್ಲಿನ ಶಲಾಕಾಗ್ರದ ಅಂಟಿಗೆ ಸಿಕ್ಕಿಕೊಳ್ಳುತ್ತದೆ. ಹೋಗದಿದ್ದಲ್ಲಿ ಆ ಹೂವಿನ ಇಡೀ ಪರಾಗವೂ ನಷ್ಟವಾದಂತೆಯೇ. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಇಡಿಯ ಒಂದು ಗ್ರಂಥವನ್ನೇ ಆರ್ಕಿಡ್‌ಗಳ ಪರಾಗಸ್ಪರ್ಶಕ್ಕೆ ಮೀಸಲಿಟ್ಟುದಕ್ಕೆ ಈ ಯೋಜನೆಯ ಸೂಕ್ಷ್ಮತೆಯೇ ಕಾರಣ. ಎಲ್ಲವನ್ನೂ ಒಂದೇ ಸವಾರಿಗೆ ಒಪ್ಪಿಸುವ ಈ ಪದ್ಧತಿಯ ಫಲವಾಗಿ ಬಹುಪಾಲು ಹೂಗಳು ಕಾಯಿಕಟ್ಟದೆ ಬಾಡುತ್ತವೆ. ಕಟ್ಟಿದ ಒಂದೊಂದು ಕಾಯಿಯಲ್ಲಿಯೂ ಲಕ್ಷಗಟ್ಟಲೆ ಬೀಜಗಳಿರುತ್ತವೆ.

ಆ ಬೀಜದ ಕಥೆ ವಂದಾಕದ ಬಾಳಿನಲ್ಲಿ ಅತ್ಯಂತ ಸಂಕಟದ ಅಧ್ಯಾಯ. ಏಣುಗಳುಳ್ಳ ನೀಳವಾದ ಕಾಯಿಯು ಹಲವು ತಿಂಗಳು ಬಲಿತು ಒಡೆದಾಗ ಹೊರಬೀಳುವುದು ಬರಿಗಣ್ಣಿಗೆ ಹಳದಿ ಧೂಳಿಯಂತೆ ತೋರುವ ಪುಡಿ. ಕಡಲೆ ಜೋಳಗಳ ಕಾಳಿನಲ್ಲಿ ಮೊಳಕೆಗೆಂದು ತಾಯಿಗಿಡವು ಕಟ್ಟಿಕೊಡುವ ಬುತ್ತಿ ಈ ಬೀಜದಲ್ಲಿ ಇಲ್ಲವೇ ಇಲ್ಲ. ಗಾಳಿಯಲ್ಲಿ ಎಷ್ಟು ದೂರವಾದರೂ ತೇಲಿಹೋಗುವ ಹಗುರತನವನ್ನು ಅದು ಪಡೆದಿರುವುದು ಈ ಬುತ್ತಿಯನ್ನು ತ್ಯಜಿಸಿ. ಆದುದರಿಂದ ಬೀಜವು ಬಿದ್ದ ತೊಗಟೆಯಲ್ಲಿ ಅದಕ್ಕೆ ಒಗ್ಗುವ ಶಿಲೀಂಧ್ರವೊಂದು ಮೊದಲೇ ನೆಲೆಸಿರಬೇಕು. ಆ ಶಿಲೀಂಧ್ರದ ಎಳೆಗಳು ಬೀಜದೊಳಕ್ಕೆ ಹೊಕ್ಕು ಅನ್ನವನ್ನು ಒದಗಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ ಈ ಸಂಬಂಧವನ್ನು 1899ರಲ್ಲಿ ಕಂಡುಹಿಡಿದನು. ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲಿಗೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿಯೇ ಬೀಜವನ್ನು ಗಾಜಿನ ಸೀಸೆಯಲ್ಲಿ ಮೊಳೆಯಿಸಬಹುದೆಂಬುದನ್ನು 1922ರಲ್ಲಿ ಪ್ರಕಟಿಸಿದನು. ಇಂದು ಜಗತ್ತಿನಾದ್ಯಂತ ನಡೆಯುವ ಆರ್ಕಿಡ್ ವ್ಯಾಪಾರದ ಬಹುಪಾಲು ಈ ಸೀಸೆಯಿಂದ ಹುಟ್ಟಿದುದು. ಆದರೆ ಕಾಡಿನಲ್ಲಿ, ಹೊಲದ ಬದುವಿನಲ್ಲಿ ಸೀಸೆಯಿಲ್ಲ. ಅಲ್ಲಿ ಇರುವುದು ಹಳೆಯ ಮರದ ಒರಟಾದ ತೊಗಟೆ, ಅದರ ಬಿರುಕಿನಲ್ಲಿ ಕೂಡಿದ ಕಸ, ಆ ಕಸದಲ್ಲಿ ಬದುಕುವ ಶಿಲೀಂಧ್ರ. ಮರ ಹಳೆಯದಾಗುವುದಕ್ಕೆ ಹಿಡಿಯುವ ಕಾಲವೇ ವಂದಾಕಕ್ಕೆ ನೆಲೆ ಸಿದ್ಧವಾಗುವುದಕ್ಕೂ ಹಿಡಿಯುತ್ತದೆ. ಬೀಜದಿಂದ ಹೊರಟ ಸಸಿ ಹೂ ಬಿಡುವ ಹೊತ್ತಿಗೆ ಮತ್ತೆ ಹಲವು ವರ್ಷಗಳು ಸಂದಿರುತ್ತವೆ.

ಈ ಸಸ್ಯ ವಿದ್ವಾಂಸರ ಗಮನಕ್ಕೆ ಬಂದ ಬಗೆಯನ್ನೂ ಕೊಂಚ ಹೇಳಬೇಕು. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು ಸಂಸ್ಕೃತವನ್ನು ಕಲಿತು, ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸನು ಭಾರತೀಯ ಸಸ್ಯಗಳನ್ನು ಕುರಿತು ಬರೆದಿಟ್ಟ ಪ್ರಬಂಧ ಅವನು ತೀರಿಕೊಂಡ ಮರುವರ್ಷ, 1795ರಲ್ಲಿ, ಅಚ್ಚಾಯಿತು; ಮರದ ಮೇಲೆ ಬೆಳೆಯುವ ಗಿಡಗಳಿಗೆ ಸಂಸ್ಕೃತದಲ್ಲಿದ್ದ ವಂದಾ ಎಂಬ ಹೆಸರನ್ನೇ ಅವನು ಅದರಲ್ಲಿ ಬಳಸಿದನು. ಅದೇ ವರ್ಷ ವಿಲಿಯಂ ರಾಕ್ಸ್‌ಬರ್ಗನ ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಭವ್ಯಗ್ರಂಥದ ಮೊದಲ ಸಂಪುಟ ಲಂಡನ್ನಿನಿಂದ ಹೊರಬರಲಾರಂಭಿಸಿತು. ಗೋದಾವರಿ ಸೀಮೆಯ ಸಾಮಲಕೋಟೆಯಲ್ಲಿ ಹಲವು ವರ್ಷ ತೋಟ ನಡೆಸಿ, 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಧೀಕ್ಷಕನಾಗಿ ಹೋದ ರಾಕ್ಸ್‌ಬರ್ಗನು ನಮ್ಮ ಗಿಡವನ್ನು ಎಪಿಡೆಂಡ್ರಮ್ ಟೆಸೆಲೇಟಮ್ ಎಂದು ವರ್ಣಿಸಿದನು. ಆ ಗ್ರಂಥದ ಚಿತ್ರಗಳನ್ನು ಬರೆದವರು ಈ ದೇಶದ ಚಿತ್ರಕಾರರು. ಅವರ ಕೈಯ ನೈಪುಣ್ಯದಿಂದಲೇ ಯೂರೋಪಿನ ಪಂಡಿತರು ಈ ಹೂವನ್ನು ಮೊದಲು ಕಣ್ಣಾರೆ ಕಂಡಂತಾಯಿತು. ಆದರೆ ಶಾಸ್ತ್ರನಾಮಗಳಲ್ಲಿ ಅವರ ಹೆಸರು ಎಲ್ಲಿಯೂ ಉಳಿಯಲಿಲ್ಲವೆಂಬುದು ವಿಷಾದದ ಸಂಗತಿ. 1820ರಲ್ಲಿ ರಾಬರ್ಟ್ ಬ್ರೌನ್ ಜೋನ್ಸನ ಹೆಸರನ್ನು ಎತ್ತಿಕೊಂಡು ವಾಂಡ ಎಂಬ ಕುಲವನ್ನು ಸ್ಥಿರಪಡಿಸಿ, ಇದನ್ನು ವಾಂಡ ರಾಕ್ಸ್‌ಬರ್ಘಿ ಎಂದು ಕರೆದನು. ಮೊದಲು ಇಟ್ಟ ವಿಶೇಷನಾಮವೇ ಉಳಿಯಬೇಕೆಂಬ ಸಸ್ಯಶಾಸ್ತ್ರದ ನಿಯಮದಂತೆ ಈಗ ವಾಂಡ ಟೆಸೆಲೇಟ ಎಂಬುದೇ ಮಾನ್ಯವಾದ ಹೆಸರು.

ಹಳ್ಳಿಗಳಲ್ಲಿ ಈ ಗಿಡಕ್ಕೆ ಆಗುತ್ತಿರುವ ಅನ್ಯಾಯವೊಂದನ್ನು ಇಲ್ಲಿ ತಿದ್ದುವುದು ಅಗತ್ಯ. ಮರದ ಮೇಲೆ ಬೆಳೆಯುವುದನ್ನೆಲ್ಲ ಬದನಿಕೆ ಎಂದು ಕರೆದು, ಮಾವಿನ ತೋಟದವರು ಕುಡುಗೋಲಿನಿಂದ ಕತ್ತರಿಸಿ ಒಗೆಯುವುದುಂಟು. ನಿಜವಾದ ಬದನಿಕೆಯು ಬೇರೆ ಕುಟುಂಬದ ಸಸ್ಯ. ಅದರ ಬೀಜವನ್ನು ಹಕ್ಕಿಗಳು ಕೊಂಬೆಗೆ ಅಂಟಿಸುತ್ತವೆ. ಮೊಳೆತ ಗಿಡವು ಹೀರುಬೇರುಗಳನ್ನು ಮರದ ಒಳಕ್ಕೆ ಇಳಿಸಿ ಅದರ ರಸವನ್ನು ಕುಡಿದು, ಕಾಲಕ್ರಮದಲ್ಲಿ ಕೊಂಬೆಯನ್ನೇ ಒಣಗಿಸಬಲ್ಲುದು. ಅದನ್ನು ಕತ್ತರಿಸುವ ರೈತನು ಮಾಡುವುದು ಸರಿಯಾದ ಕೆಲಸವೇ. ವಂದಾಕವು ಹಾಗಲ್ಲ, ಅದರ ಬೇರು ತೊಗಟೆಯ ಮೇಲ್ಮೈಯನ್ನು ದಾಟುವುದಿಲ್ಲ, ಮರದಿಂದ ಅದು ಪಡೆಯುವುದು ನಿಲ್ಲುವುದಕ್ಕೆ ಒಂದು ತಾಣವನ್ನು ಮಾತ್ರ. ಇಂಥ ಸಸ್ಯಗಳಿಗೆ ಕನ್ನಡದಲ್ಲಿ ಅಪ್ಪುಗಿಡ ಎಂಬ ಹೆಸರು ರೂಢಿಯಲ್ಲಿದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ: ಬದನಿಕೆಯು ಕವಲೊಡೆದ ಮರಗೊಂಬೆಯಂಥ ಪೊದೆ, ಅದು ಕೂಡಿಕೊಂಡ ಜಾಗದಲ್ಲಿ ಆಸರೆಯ ಕೊಂಬೆ ಗಂಟುಗಟ್ಟಿ ಊದಿರುತ್ತದೆ, ವಂದಾಕಕ್ಕೆ ಎರಡು ಸಾಲಿನ ಪಟ್ಟಿಯೆಲೆ, ಹೊರಗೆ ತೂಗುವ ಬಿಳಿಯ ಬೇರು, ಕೆಳಗಣ ತೊಗಟೆಯಲ್ಲಿ ಯಾವ ಊತವೂ ಇಲ್ಲ. ಬಂಡೆಯ ಮೇಲೆಯೂ ಇದು ಬದುಕಬಲ್ಲುದೆಂಬ ಸಂಗತಿಯೇ ಇದು ಮರದ ರಸವನ್ನು ಹೀರುವುದಿಲ್ಲವೆಂಬುದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಕಣಶಿಲೆಯಿಂದ ಯಾರು ತಾನೆ ರಸ ಹೀರಿಯಾರು?

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಗಣನೆಯಂತೆ ಭಾರತದಲ್ಲಿ 1,256 ಆರ್ಕಿಡ್ ಪ್ರಭೇದಗಳಿದ್ದು, ಅವುಗಳಲ್ಲಿ 757 ಅಪ್ಪುಗಿಡಗಳು. ಕರ್ನಾಟಕದವುಗಳಲ್ಲಿ ಬಹುಪಾಲು ಪಶ್ಚಿಮಘಟ್ಟದವು. ಮಲೆನಾಡಿನಲ್ಲಿ ಸೀತಾಳೆದಂಡೆಯೆಂದು ಹೆಂಗಳೆಯರ ಮುಡಿಗೇರುವ ರಿಂಕೊಸ್ಟೈಲಿಸ್ ರೆಟ್ಯೂಸ, ಅಸ್ಸಾಮಿನ ರಾಜ್ಯಪುಷ್ಪವೆಂಬ ಗೌರವವನ್ನೂ ಪಡೆದಿದೆ. ವಂದಾಕದ ಹತ್ತಿರದ ನೆಂಟನಾಗಿ, ಎಷ್ಟೋ ವೇಳೆ ಅದೆಂದೇ ತಪ್ಪಾಗಿ ಗುರುತಿಸಲ್ಪಡುವುದು ಅಕಾಂಪೆ ಪ್ರೀಮೋರ್ಸ. ಇದನ್ನೂ ಮೊದಲು ವರ್ಣಿಸಿದವನು ರಾಕ್ಸ್‌ಬರ್ಗನೇ. ಇದೂ ಮರದ ಮೇಲೆಯೂ ಬಂಡೆಯ ಮೇಲೆಯೂ ಬೆಳೆಯುತ್ತದೆ. ಎಲೆಯ ತುದಿ ಇದರಲ್ಲಿಯೂ ಕಡಿದಂತಿರುತ್ತದೆ. ಹೂವರಳಿದಾಗ ಮಾತ್ರ ಸಂದೇಹ ಉಳಿಯುವುದಿಲ್ಲ: ಅಕಾಂಪೆಯ ಹೂಗಳು ಬೆರಳ ತುದಿಯಷ್ಟು ಚಿಕ್ಕವು, ದಪ್ಪ ಎಸಳಿನವು, ಹಳದಿಯ ಮೇಲೆ ಕೆಂಗಂದು ಅಡ್ಡಪಟ್ಟೆಯವು, ತುಟಿದಳ ಬಿಳಿಯದು.

ವೈದ್ಯದಲ್ಲಿ ವಂದಾಕದ ಸ್ಥಾನ ವಿವಾದಕ್ಕೆ ಒಳಗಾದುದು. ವಾತರೋಗಗಳಿಗೆ ಪ್ರಸಿದ್ಧವಾದ ಮಹಾರಾಸ್ನಾದಿ ಕಷಾಯದ ಪ್ರಧಾನ ದ್ರವ್ಯವಾದ ರಾಸ್ನಾ ಎಂಬುದು ಯಾವ ಸಸ್ಯವೆಂಬುದರಲ್ಲಿ ಪ್ರಾಂತಪ್ರಾಂತಕ್ಕೂ ಭೇದವಿದೆ. ಉತ್ತರ ಭಾರತದ ವೈದ್ಯರು ಪ್ಲೂಕಿಯ ಲ್ಯಾನ್ಸಿಯೊಲೇಟವನ್ನು, ದಕ್ಷಿಣದವರು ದುಂಪರಾಸ್ಮಿಯನ್ನು, ಬಂಗಾಳದವರು ವಂದಾಕದ ಬೇರನ್ನು ರಾಸ್ನಾ ಎಂದು ಬಳಸಿಕೊಂಡು ಬಂದಿದ್ದಾರೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿ ಭತ್ತದ ಬೇಸಾಯದಲ್ಲಿ ಈ ನೆಲದವರೇ ಆಗಿಹೋಗಿರುವ ಬಂಗಾಳಿ ಕುಟುಂಬಗಳ ಮೂಲನಾಡಿನಲ್ಲಿ ಈ ಗಿಡ ಹೂವಿಗಿಂತ ಹೆಚ್ಚಾಗಿ ಮದ್ದಿನ ಬೇರಾಗಿಯೇ ಪರಿಚಿತವಾದುದು. ಪ್ರಯೋಗಾಲಯಗಳಲ್ಲಿ ಇದರ ಸಾರವು ಊತವನ್ನು ತಗ್ಗಿಸುವ ಗುಣವನ್ನು ತೋರಿದೆಯೆಂಬ ವರದಿಗಳಿವೆ. ಆದರೆ ಬೇರನ್ನು ಕಿತ್ತರೆ ಗಿಡ ಉಳಿಯುವುದಿಲ್ಲ, ಮತ್ತು ಅದೇ ಕಾರ್ಯಕ್ಕೆ ತೋಟದಲ್ಲಿ ಸುಲಭವಾಗಿ ಬೆಳೆಯುವ ದುಂಪರಾಸ್ಮಿ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆದುದರಿಂದ ಕಾಡಿನ ವಂದಾಕವನ್ನು ಮದ್ದಿಗಾಗಿ ಕೀಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದೇ ಹೇಳಬೇಕು.

ಉದ್ಯಾನಕಲೆಯಲ್ಲಿ ವಾಂಡ ಕುಲದ ಕೀರ್ತಿ ದೊಡ್ಡದು. ಸಿಂಗಾಪುರದಲ್ಲಿ 1893ರಲ್ಲಿ ಪ್ರಕಟವಾಗಿ 1981ರಲ್ಲಿ ಆ ದೇಶದ ರಾಷ್ಟ್ರಪುಷ್ಪವಾದ ವಾಂಡ ಮಿಸ್ ಜೋಕಿಮ್ ಎಂಬ ಸಂಕರ ಈ ಹೆಸರಿನಿಂದಲೇ ಲೋಕವಿಖ್ಯಾತವಾಯಿತು, ಅದರ ತಾಯಿತಂದೆ ಪ್ರಭೇದಗಳನ್ನು ಈಗ ಬೇರೊಂದು ಕುಲದಲ್ಲಿ ಇರಿಸಿದ್ದರೂ. ವಂದಾಕವು ತನ್ನ ಗಿಡ್ಡಮೈ, ಸುವಾಸನೆ, ಬಿಸಿಲು ತಾಳುವ ಶಕ್ತಿ, ನೀಲಿಯತ್ತ ವಾಲುವ ತುಟಿ ಇವುಗಳಿಂದಾಗಿ ಸಂಕರಕಾರರಿಗೆ ಪ್ರಿಯವಾದ ಪ್ರಭೇದ.

ಇದರ ಅಳಿವು ಉಳಿವುಗಳು ಕಟ್ಟಕಡೆಗೆ ಮರವನ್ನೇ ಅವಲಂಬಿಸಿವೆ. ತೊಗಟೆಯನ್ನು ಪದೇ ಪದೇ ಕಳಚುವ ನೀಲಗಿರಿಯ ಮೇಲೆ ವಂದಾಕ ನಿಲ್ಲಲಾರದು. ಸೌದೆಗಾಗಿ ನಾಲ್ಕಾರು ವರ್ಷಕ್ಕೊಮ್ಮೆ ಕಡಿಯಲ್ಪಡುವ ಬಳ್ಳಾರಿಜಾಲಿ, ಊರಹೊರಗಿನ ಬಂಜರನ್ನೆಲ್ಲ ಎಷ್ಟೇ ಹಸುರಾಗಿಸಲಿ, ಈ ಗಿಡಕ್ಕೆ ಮರವೆನ್ನಿಸುವಷ್ಟು ಕಾಲ ಬಾಳುವುದೇ ಇಲ್ಲ. ರಸ್ತೆ ಅಗಲಿಸುವಾಗ ಉರುಳುವ ಸಾಲುಮರ, ಗದ್ದೆಗೆ ನೆರಳಾಗುತ್ತದೆಂದು ಕಡಿಸಿದ ಬದುವಿನ ಮಾವು, ಹೊಸ ಗುಡಿಗಾಗಿ ತೆಗೆದ ಹಳೆಯ ಅರಳಿ, ಇವುಗಳ ಬದಲಿಗೆ ನೆಟ್ಟ ಸಸಿಯನ್ನು ಸರಕಾರಿ ಲೆಕ್ಕದಲ್ಲಿ ಮರಕ್ಕೆ ಮರವೆಂದು ಬರೆಯಬಹುದು. ಅಪ್ಪುಗಿಡದ ಲೆಕ್ಕದಲ್ಲಿ ಅದು ಇನ್ನೂ ಅರ್ಧ ಶತಮಾನ ಮರವಾಗುವುದಿಲ್ಲ. ಬಂಡೆಬೆಟ್ಟಗಳಲ್ಲಿ ಕಲ್ಲುಗಣಿಗಳು ಬಿರುಕುಗಳನ್ನೂ ಅವುಗಳಲ್ಲಿ ಯುಗಗಳಿಂದ ಕೂಡಿದ ಮಣ್ಣನ್ನೂ ಒಟ್ಟಿಗೇ ಇಲ್ಲವಾಗಿಸುತ್ತವೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಬಹುತೇಕ ಇಡಿಯ ಆರ್ಕಿಡ್ ಕುಟುಂಬವೇ 1975ರಿಂದ ಸೇರಿದೆ. ಆದರೆ ಅದು ಗಡಿ ದಾಟುವ ವ್ಯಾಪಾರಕ್ಕೆ ತಡೆಯೇ ಹೊರತು, ಊರ ಮುಂದಣ ಮರಕ್ಕೆ ಬೀಳುವ ಕೊಡಲಿಗೆ ತಡೆಯಲ್ಲ.

ಬಿದ್ದ ಮರದ ಮೇಲಣ ವಂದಾಕವನ್ನು ಮಾತ್ರ ಉಳಿಸಿಕೊಳ್ಳುವುದು ಅಸಾಧ್ಯವಲ್ಲ. ಬೇರುಗಳನ್ನು ಎಳೆದು ಕೀಳದೆ, ಅವು ಹಿಡಿದಿರುವ ತೊಗಟೆಯ ಚಕ್ಕೆಯ ಸಮೇತ ಎಬ್ಬಿಸಿ, ಒರಟು ತೊಗಟೆಯ ಬೇರೊಂದು ಜೀವಂತ ಮರದ ಮೇಲೆ, ಬೆಳಗಿನ ಬಿಸಿಲು ಬಿದ್ದು ನಡುಹಗಲಿನ ಬಿಸಿಲು ಮರೆಯಾಗುವ ಕಡೆ, ಬಾಳೆನಾರಿನಿಂದಲೋ ಹತ್ತಿಯ ಹುರಿಯಿಂದಲೋ ಕಟ್ಟಿದರೆ, ಮಳೆಗಾಲದಲ್ಲಿ ಹೊಸ ಬೇರು ಚಾಚಿ ತಾನೇ ಹಿಡಿದುಕೊಳ್ಳುತ್ತದೆ. ಕುಂಡದ ಮಣ್ಣಿನಲ್ಲಿ ಹೂಳುವುದು ಮಾತ್ರ ಅದನ್ನು ಕೊಲ್ಲುವ ನಿಶ್ಚಿತ ಮಾರ್ಗ. ಗಾಳಿಯಾಡದ ಬೇರು ಕೊಳೆತುಹೋಗುತ್ತದೆ. ನಿಂತ ಮರದ ಮೇಲಿರುವುದನ್ನು ಯಾರೂ ಮುಟ್ಟಬಾರದು. ಕೃಷ್ಣೆಯ ದಡದ ತೋಪುಗಳಲ್ಲಿ, ಮುದಗಲ್ಲಿನ ಕೋಟೆಯ ಸುತ್ತಣ ಹಳೆಯ ಮರಗಳಲ್ಲಿ, ಮಸ್ಕಿಯ ಮಲ್ಲಿಕಾರ್ಜುನನ ಬೆಟ್ಟದ ಇಳಿಜಾರಿನಲ್ಲಿ, ಸಿಂಧನೂರಿನ ಕಾಲುವೆಯ ದಂಡೆಯಲ್ಲಿ ಓಡಾಡುವವರು ಏಪ್ರಿಲಿನಿಂದ ಜುಲೈವರೆಗಿನ ತಿಂಗಳುಗಳಲ್ಲಿ ಒಮ್ಮೆ ತಲೆಯೆತ್ತಿ ಕೊಂಬೆಗಳನ್ನು ನೋಡಲಿ; ಎರಡು ಸಾಲಿನ ಪಟ್ಟಿಯೆಲೆಗಳ ನಡುವೆ ಚೌಕುಳಿಯ ಹೂ ಕಂಡರೆ ಅದರ ಚಿತ್ರ ತೆಗೆದು, ಯಾವ ಮರ, ಯಾವ ಊರು, ಯಾವ ತಿಂಗಳು ಎಂಬುದನ್ನು ಬರೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಪ್ಪಿಸಲಿ, ಆ ಮರದ ಒಡೆಯನಿಗೆ ಅದು ಬದನಿಕೆಯಲ್ಲವೆಂದು ತಿಳಿಸಿ ಹೇಳಲಿ.